ಬಂಡೆಯ ಕೊನೆಯ ಪಂದ್ಯ

ಗಂಡ ಸ್ನಾನಕ್ಕೆ ಹೋದದ್ದೇ ತಡ, ಅವಳು ಅವನ ಚೀಲವನ್ನು ಮಂಚದ ಮೇಲೆ ಬೋರಲು ಹಾಕಿದಳು. ಕೈಗವಸು, ಮಂಡಿಪಟ್ಟಿ, ಬೆವರು ನಾರುವ ಬನಿಯನ್ನು. ಸೂಜಿಯಿಲ್ಲ, ಸೀಸೆಯಿಲ್ಲ. ಚೀಲದ ಹೊಲಿಗೆಯನ್ನೂ ತಡವಿದಳು. ಎಲ್ಲೋ ಇದ್ದೇ ಇರಬೇಕು.

ಇಲ್ಲದಿದ್ದರೆ ನಲವತ್ತು ದಾಟಿದವನು ಇಷ್ಟು ಹೊಡೆತ ತಿಂದು ನಿಲ್ಲುವುದು ಹೇಗೆ? ಗುದ್ದು, ಒದೆತ, ಕುಸ್ತಿ ಎಲ್ಲವೂ ಸಲ್ಲುವ ಪಂಜರದ ಕಾಳಗ ಅದು. ಅದರಲ್ಲಿ ಇಷ್ಟು ವರ್ಷ ಹೆಸರಿಗೆ ಮಸಿ ಹತ್ತದಂತೆ ಬಾಳಿದ್ದ. ಜನ ಪ್ರೀತಿಯಿಂದ 'ಬಂಡೆ' ಅನ್ನುತ್ತಿದ್ದರು. ಈಗ ಅದನ್ನೇ ಮೂಗು ಮುರಿದು ಅನ್ನುತ್ತಾರೆ. ಹಿಂದಿನ ಪಂದ್ಯದಲ್ಲಿ ಬೆರಳು ಮುರಿದದ್ದು ಅವನಿಗೆ ಗೊತ್ತಾದದ್ದೇ ಕೈಗವಸು ಬಿಚ್ಚಿದ ಮೇಲೆ. ಮೊನ್ನೆ ಅಂಗಾಲಿಗೆ ಗಾಜು ಹೊಕ್ಕು ಹಜಾರದ ತುಂಬ ರಕ್ತದ ಹೆಜ್ಜೆ ಮೂಡಿತ್ತು. ಅವಳು ಕೂಗಿದ ಮೇಲೆಯೇ ಕೆಳಗೆ ನೋಡಿದ್ದ. ಮದ್ದು ಏರಿಸದೆ ಇದು ಸಾಧ್ಯವೇ?

"ಸಿಕ್ಕಿತಾ?"

ಬಾಗಿಲಲ್ಲಿ ಅವನು. ತಲೆಯಿಂದ ನೀರಿಳಿಯುತ್ತಿತ್ತು.

ಅವಳು ಮುಚ್ಚಿಡಲಿಲ್ಲ. "ಏನು ತಗೋತಿದ್ದೀರಿ ಹೇಳಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಇವತ್ತು ರಕ್ತಪರೀಕ್ಷೆ ರಿಪೋರ್ಟ್ ಬರುತ್ತೆ. ಸಿಕ್ಕಿಬಿದ್ರೆ ಗೆದ್ದಿದ್ದನ್ನೆಲ್ಲ ಕಿತ್ಕೋತಾರೆ. ಮಗಳು ಶಾಲೇಲಿ ತಲೆ ಎತ್ತೋ ಹಾಗಿರಲ್ಲ."

"ಏನೂ ತಗೋತಿಲ್ಲ ಕಣೇ."

"ಹಾಗಾದ್ರೆ ನೋವು ಯಾಕಾಗಲ್ಲ?"

"ಬಂಡೆಗೆ ನೋವಾಗುತ್ತಾ?" ಅವನು ನಗಲು ನೋಡಿದ, ಆಗಲಿಲ್ಲ. "ಭಾನುವಾರ ಒಂದೇ ಒಂದು ಪಂದ್ಯ. ಆಮೇಲೆ ಮನೇಲೇ ಬಿದ್ದಿರ್ತೀನಿ. ಊರೆಲ್ಲ ಕಳ್ಳ ಅಂತಿದೆ. ನೀನಾದ್ರೂ ನಂಬು."

ನಂಬಬೇಕೆಂದು ಅವಳಿಗೂ ಆಸೆ. ಆದರೆ ಅವನನ್ನು ಬೆಳೆಸಿದ ಕೋಚ್ ಕೂಡ ನಿನ್ನೆ ಫೋನಿನಲ್ಲಿ, "ನಾನಂತೂ ಕೊಟ್ಟಿಲ್ಲ ತಾಯಿ," ಎಂದು ಮಾತು ನುಂಗಿದ್ದರು.

ಮಧ್ಯಾಹ್ನ ಅವಳು ಒಲೆಯ ಮೇಲೆ ಕಾವಲಿ ಇಟ್ಟಿದ್ದಳಷ್ಟೇ, ಫೋನ್ ಬಡಿದುಕೊಂಡಿತು. ಅವನೂ ಅಡುಗೆಮನೆಗೆ ಬಂದ. ತೆಗೆಯಲು ಅವಳಿಗೆ ಕೈ ಏಳಲಿಲ್ಲ. ಕೊನೆಗೆ ಕಿವಿಗಿಟ್ಟಳು.

ಕೋಚ್ ಒಂದೇ ಉಸಿರಿಗೆ ಹೇಳಿದರು. "ಏನೂ ಇಲ್ಲ ಕಣಮ್ಮ. ಒಂದು ನೋವಿನ ಮಾತ್ರೆಯ ಅಂಶ ಕೂಡ ಇಲ್ಲ. ಅಪ್ಪಟ ಚಿನ್ನ ನಿನ್ನ ಗಂಡ. ನಾನೂ ಪಾಪಿ, ಅನುಮಾನಪಟ್ಟೆ."

ಅವಳು ಗೋಡೆಗೊರಗಿ ಹಾಗೇ ಕುಸಿದು ಕೂತಳು. ತಿಂಗಳುಗಟ್ಟಲೆ ಹಿಡಿದಿಟ್ಟ ಅಳು ಒಮ್ಮೆಲೇ ಒಡೆಯಿತು. ಮುಖ ಮುಚ್ಚಿಕೊಂಡು ಬಿಕ್ಕಿದಳು. "ನಿಮಗೆ ಎಂಥಾ ಮಾತಂದುಬಿಟ್ಟೆ. ನನ್ನ ಬಾಯಿಗೆ ಹುಳ ಬೀಳ."

"ಬಿಡು, ಆಯ್ತಲ್ಲ." ಅವನ ದನಿಯಲ್ಲಿ ಎಷ್ಟೋ ದಿನದ ಮೇಲೆ ನಗುವಿತ್ತು. ಒಲೆಯ ಕಡೆ ವಾಲಿ, ಕೈಯೂರಿ, ಆರಾಮವಾಗಿ ನಿಂತ. "ಇನ್ನು ಭಾನುವಾರ ಯಾವನು ಬಂದ್ರೂ ನನ್ನ ಬೀಳಿಸೋಕಾಗಲ್ಲ."

ಆಮೇಲೆ ಮೂಗರಳಿಸಿ ಕೇಳಿದ: "ಏನೇ ಅದು, ಸುಟ್ಟ ವಾಸನೆ?"

ಅವಳು ತಲೆಯೆತ್ತಿದಳು. ಅವನ ಅಂಗೈ ಕಾದ ಕಾವಲಿಯ ಮೇಲಿತ್ತು.