ಕಿವಿಯ ಹಿಂದೆ

"ಇವತ್ತು ಆಗಲ್ಲ ಮೇಡಂ," ಎನ್ನುತ್ತಲೇ ಪಾರ್ಲರಿನವಳು ಕಡ್ಡಿಗೆ ಸುತ್ತಿದ ಹತ್ತಿಯನ್ನು ಬಣ್ಣದಲ್ಲಿ ಅದ್ದಿ ಉಪನ್ಯಾಸಕಿಯ ಕಿವಿಯ ಹಿಂದೆ ಒಂದು ಚುಕ್ಕೆ ಇಟ್ಟಳು. "ಮೊದಲನೇ ಸಲ ಡೈ ಹಾಕಿಸ್ಕೊಳ್ತಿದೀರ. ಇದು ಹೀಗೇ ಇರಲಿ. ಎರಡು ದಿನ ಕೆರೆತ, ಉರಿ ಏನೂ ಬರಲಿಲ್ಲ ಅಂದ್ರೆ ಬನ್ನಿ, ತಲೆಗೆಲ್ಲ ಹಚ್ತೀನಿ."

"ಎರಡು ದಿನಾನಾ! ನಾಳೆ ಬೆಳಿಗ್ಗೆ ಕಾಲೇಜಲ್ಲಿ ಗ್ರೂಪ್ ಫೋಟೋ ಕಣ್ರೀ. ದೊಡ್ಡದು ಮಾಡಿಸಿ ಗೋಡೆಗೆ ಹಾಕ್ತಾರೆ. ನಾನು ರಿಟೈರಾಗಿ ಹೋದ್ರೂ ಈ ಬಿಳಿಕೂದಲು ಅಲ್ಲೇ ನೇತಾಡ್ತಿರುತ್ತೆ." ಉಪನ್ಯಾಸಕಿ ಕನ್ನಡಿಯಲ್ಲಿ ತನ್ನ ಬೈತಲೆಯನ್ನೇ ದಿಟ್ಟಿಸಿದಳು. "ತಲೆ ನಂದು, ದುಡ್ಡು ನಂದು. ಏನಾದ್ರೂ ಆದ್ರೆ ನಿಮ್ಮನ್ನ ಕೇಳಲ್ಲ. ಹಚ್ಚಿಬಿಡಿ."

"ನೀವು ಕೇಳಲ್ಲ. ಮುಖ ಊದಿಸ್ಕೊಂಡು ಬೀದೀಲಿ ಹೋದ್ರೆ ನೋಡಿದವರು ಕೇಳ್ತಾರೆ. ಯಾರು ಹಚ್ಚಿದ್ದು ಅಂತ ಕೇಳ್ತಾರೆಯೇ ಹೊರತು ಯಾರು ದುಡ್ಡು ಕೊಟ್ಟಿದ್ದು ಅಂತ ಕೇಳಲ್ಲ. ತುದಿ ಕತ್ತರಿಸಿಕೊಡ್ತೀನಿ, ತಲೆ ಬಗ್ಗಿಸಿ."

ಉಪನ್ಯಾಸಕಿ ತಲೆ ಬಗ್ಗಿಸಿದಳು. ಕುತ್ತಿಗೆಗೆ ಆಗಲೇ ಬಟ್ಟೆ ಕಟ್ಟಿಯಾಗಿತ್ತು. ಕಾಲೇಜಿನ ಹಿಂದಿನ ಬೀದಿಯ ಈ ಪಾರ್ಲರಿಗೆ ವರ್ಷಗಳಿಂದ ಬರುತ್ತಿದ್ದಳು. ಇವತ್ತು ಮಾತ್ರ ಬರಬಾರದಿತ್ತು ಎಂದು ಒಳಗೆ ಕಾಲಿಟ್ಟ ಕೂಡಲೇ ಅನ್ನಿಸಿತ್ತು. ಟವೆಲ್ ಮಡಚುತ್ತಿದ್ದ ಪಾರ್ಲರಿನವಳ ಮಗಳು "ನಮಸ್ತೆ ಮಿಸ್" ಎಂದವಳೇ ಪರದೆಯ ಹಿಂದೆ ಸರಿದುಬಿಟ್ಟಿದ್ದಳು. ಆ ಹುಡುಗಿಗೆ ರಸಾಯನಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಮಧ್ಯಾಹ್ನವಷ್ಟೇ ಸೊನ್ನೆ ಹಾಕಿದ್ದಾಗಿತ್ತು. ಫೋಟೋದ ಚಿಂತೆಯಲ್ಲಿ ಅದು ಮರೆತೇಹೋಗಿತ್ತು.

ಕತ್ತರಿ ಸ್ವಲ್ಪ ಹೊತ್ತು ಕಚಕಚ ಎಂದಿತು. ಆಮೇಲೆ ನಿಂತಿತು.

"ಒಂದು ಮಾತು ಕೇಳ್ಲಾ ಮೇಡಂ?"

ಬಂತು, ಎಂದುಕೊಂಡಳು ಉಪನ್ಯಾಸಕಿ.

"ನಮ್ಮ ಹುಡುಗಿ ಕಾಲೇಜಿಂದ ಬಂದಾಗಿಂದ ಒಂದು ತುತ್ತು ಬಾಯಿಗೆ ಹಾಕಿಲ್ಲ. ಸೊನ್ನೆಯಂತೆ. ಹಾಗೇ ಬಿಟ್ರೆ ಒಂದು ವರ್ಷ ಹೋಯ್ತಂತೆ. ಫೀಸಲ್ಲಿ ಒಂದು ಪೈಸೆ ಬಾಕಿ ಇಟ್ಟಿದೀವಾ ನಾವು? ನನ್ನ ಕುರ್ಚೀಲಿ ಕೂತವರು ದುಡ್ಡು ಕೊಟ್ಟು ಮುಖ ಸಪ್ಪೆ ಮಾಡ್ಕೊಂಡು ಹೋದ್ರೆ ಮತ್ತೆ ಈ ಕಡೆ ತಲೆ ಹಾಕ್ತಾರಾ? ನಿಮ್ಮ ಕಾಲೇಜಿಗೆ ನಾವೂ ಗಿರಾಕಿಗಳೇ ಅಲ್ವಾ?"

ಅವಳ ದನಿಯಲ್ಲಿ ಜಗಳವಿರಲಿಲ್ಲ. ಕತ್ತರಿ ಮಾತ್ರ ಉಪನ್ಯಾಸಕಿಯ ಕಿವಿಯ ಪಕ್ಕದಲ್ಲೇ ಬಾಯಿ ತೆರೆದುಕೊಂಡು ನಿಂತಿತ್ತು.

"ಮೊದಲು ಅದನ್ನ ಕೆಳಗಿಡಿ, ಆಮೇಲೆ ಹೇಳ್ತೀನಿ."

ಇಬ್ಬರಿಗೂ ನಗು ಬಂತು. ಕತ್ತರಿ ಮೇಜಿಗೆ ಹೋಯಿತು.

"ಬ್ಯೂರೆಟ್ ಅಂತ ಉದ್ದದ ಗಾಜಿನ ಕೊಳವೆ. ಅದರಿಂದ ದ್ರಾವಣಾನ ಹನಿಹನಿಯಾಗಿ ಬಿಟ್ಟು, ಬಣ್ಣ ತಿರುಗಿದ ಕೂಡಲೇ ನಿಲ್ಲಿಸಿ, ಎಷ್ಟು ಇಳೀತು ಅಂತ ರೀಡಿಂಗ್ ಬರೀಬೇಕು. ಇವಳ ಬ್ಯೂರೆಟ್ ಒಣಗಿಕೊಂಡಿತ್ತು ಕಣ್ರೀ. ಪಕ್ಕದವಳ ರೀಡಿಂಗ್ ನೋಡಿ ಬರ್ಕೊಂಡಿದ್ಲು."

"ಬರೆದಿದ್ದು ತಪ್ಪಾ?"

"ಇಲ್ಲ, ಸರೀನೇ ಇತ್ತು."

"ಮತ್ತೆ? ಸರಿ ಇದೆ ಅಂದ್ಮೇಲೆ ಮಾರ್ಕ್ಸ್ ಹಾಕಿಬಿಡಬೇಕಪ್ಪ. ಮೊಸರಲ್ಲಿ ಯಾಕೆ ಕಲ್ಲು ಹುಡುಕ್ತೀರ?"

ಉಪನ್ಯಾಸಕಿ ಬಟ್ಟೆಯೊಳಗಿಂದ ಕೈ ತೆಗೆದು ಕಿವಿಯ ಹಿಂದೆ ತೋರಿಸಿದಳು. "ಆಯ್ತು. ಹಾಗಾದ್ರೆ ನೀವೂ ನಮ್ಮ ಪಕ್ಕದ ಮನೆಯವರ ಕಿವಿ ನೋಡಿ ನನಗೆ ಡೈ ಹಚ್ಚಿಬಿಡಿ. ವರ್ಷಗಟ್ಟಲೆಯಿಂದ ಹಚ್ಕೊಳ್ತಿದಾರೆ. ಒಂದು ಗುಳ್ಳೆ ಎದ್ದಿಲ್ಲ."

"ಅದು ಹೇಗಾಗುತ್ತೆ, ಅವರ ಚರ್ಮ ಅವರ್ದು, ನಿಮ್ಮ..." ಪಾರ್ಲರಿನವಳ ಮಾತು ಅರ್ಧಕ್ಕೇ ನಿಂತಿತು. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಕೂಡಿದವು. ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ, ನನ್ನ ಬಾಯಿಂದಲೇ ಹೇಳಿಸಿಬಿಟ್ರಲ್ಲ!" ಆಮೇಲೆ ಪರದೆಯ ಕಡೆ ತಿರುಗಿದಳು. "ಏ, ಬಾರೇ ಈಚೆಗೆ! ಕದ್ದು ಕೇಳಿದ್ದು ಸಾಕು. ಆ ಕೊಳವೆ ಮುಟ್ಟಲೇ ಇಲ್ವಂತೆ?"

ಹುಡುಗಿ ಟವೆಲ್ಲುಗಳನ್ನು ಎದೆಗವಚಿಕೊಂಡು ಬಂದಳು. "ಹೋದ ಸಲ ಒಂದು ಒಡೆದುಬಿಟ್ಟಿದ್ದೆ ಮಿಸ್. ನೀವು ತುಂಬಾ ಬೈದ್ರಿ. ಆಮೇಲೆ ಮುಟ್ಟೋಕೇ ಭಯ."

ಬೈದದ್ದು ಉಪನ್ಯಾಸಕಿಗೆ ನೆನಪಿರಲಿಲ್ಲ. ಬೈದಿರಬಹುದು ಎನ್ನುವುದರಲ್ಲಿ ಅನುಮಾನವೂ ಇರಲಿಲ್ಲ. "ನಾಳೆ ಫೋಟೋ ಮುಗಿದ ಮೇಲೆ ಲ್ಯಾಬಿಗೆ ಬಾ," ಎಂದಳು. "ಮಾರ್ಕ್ಸ್ ಕಳಿಸೋಕೆ ಸಂಜೆವರೆಗೂ ಟೈಮಿದೆ. ಒಡೆದ್ರೆ ಒಡೀಲಿ, ನಾನು ಪಕ್ಕದಲ್ಲೇ ಇರ್ತೀನಿ."

"ಪಾಸ್ ಮಾಡ್ತೀರಲ್ವಾ ಮೇಡಂ?" ತಾಯಿ ಬಿಡಲಿಲ್ಲ.

"ಎರಡು ದಿನ ಬಿಟ್ಟು ಬಂದ್ರೆ ನೀವು ಡೈ ಹಚ್ತೀರಲ್ವಾ?"

"ಅದು ಕಿವಿ ನೋಡಿ ಹೇಳಬೇಕು."

"ನಂದೂ ಅಷ್ಟೇ."

ಬೆಳಿಗ್ಗೆ ಏಳುವ ಹೊತ್ತಿಗೆ ಉಪನ್ಯಾಸಕಿಯ ಕಿವಿಯ ಹಿಂದೆ ಕೆಂಪಿರುವೆ ಸಾಲುಗಟ್ಟಿ ಕಚ್ಚಿದಂತಿತ್ತು. ತಲೆಗೆಲ್ಲ ಹಚ್ಚಿಸಿಕೊಂಡಿದ್ದರೆ ಏನಾಗುತ್ತಿತ್ತೋ ಎಂದುಕೊಂಡಳು, ಆಮೇಲೆ ಬಿಳಿಕೂದಲನ್ನು ನೀಟಾಗಿ ಬಾಚಿಕೊಂಡು ಹೊರಟಳು. ಮಧ್ಯಾಹ್ನ ಲ್ಯಾಬಿನಲ್ಲಿ ಹುಡುಗಿ ಉಸಿರು ಬಿಗಿಹಿಡಿದು ಬ್ಯೂರೆಟ್ಟಿನ ತಿರುಪು ತಿರುಗಿಸಿದಳು. ಹನಿ ಹೆಚ್ಚಾಗಿ ಬಣ್ಣ ಕಡುವಾಯಿತು. ಚೆಲ್ಲಿದಳು, ಮತ್ತೆ ಶುರುಮಾಡಿದಳು, ಮತ್ತೆ ಚೆಲ್ಲಿದಳು. ಕೊನೆಗೊಮ್ಮೆ ಫ್ಲಾಸ್ಕಿನ ನೀರು ನಾಚಿದ ಕೆನ್ನೆಯಷ್ಟೇ ಗುಲಾಬಿಯಾಗಿ ನಿಂತಿತು. ಪಕ್ಕದವಳದ್ದಕ್ಕಿಂತ ಒಂದೆರಡು ಹನಿ ಹೆಚ್ಚಿನ ರೀಡಿಂಗ್. ಉಪನ್ಯಾಸಕಿ ಸೊನ್ನೆಯನ್ನು ಹೊಡೆದುಹಾಕಿ ಅಂಕ ಬರೆದಳು.

ಈಗ ಆ ಫೋಟೋ ಕಾಲೇಜಿನ ಗೋಡೆಯ ಮೇಲಿದೆ. ಮುಂದಿನ ಸಾಲಿನಲ್ಲಿ ಎಲ್ಲರ ಕೈಗಳೂ ಮಡಿಲಲ್ಲಿ ಶಿಸ್ತಾಗಿ ಕೂತಿವೆ. ಬಿಳಿಕೂದಲಿನ ಒಬ್ಬಳು ಮಾತ್ರ ಹಲ್ಲು ಕಾಣುವಂತೆ ನಗುತ್ತಾ ಕಿವಿಯ ಹಿಂದೆ ಕೆರೆದುಕೊಳ್ಳುತ್ತಿದ್ದಾಳೆ.