ಮೂರು ಲೋಟದ ಪರೀಕ್ಷೆ

"ಯಾವ ಬಾಟ್ಲಿ ತೆಗೆದ್ರೂ ಒಗರು, ಒಗರು! ನಾಲಿಗೆಗೆ ತುಕ್ಕು ಹಿಡಿದಿದ್ಯಾ ಭಾವ?" ಹೋಟೆಲಿನ ಯಜಮಾನ ನೆಲಮಾಳಿಗೆ ನಡುಗುವಂತೆ ಕೂಗಿದ. ಅವನ ಅಕ್ಕನ ಗಂಡ ಇಪ್ಪತ್ತೆರಡು ವರ್ಷದಿಂದ ಅಲ್ಲಿಗೆ ವೈನ್ ರುಚಿ ನೋಡಿ ಆರಿಸುತ್ತಿದ್ದವನು. ಕೂಗಾಟ ಕೇಳಿ ಕೇಳಿ ಸುಸ್ತಾಗಿದ್ದ.

"ಎಳೇ ಫ್ರೆಂಚ್ ವೈನ್ ಒಗರಾಗೇ ಇರುತ್ತೆ ಕಣೋ. ಎಂಟು ವರ್ಷ ಇಲ್ಲಿ ಮಲಗಿಸು, ತಾನೇ ಮೆತ್ತಗಾಗುತ್ತೆ."

ಯಜಮಾನ ಮೂರು ಲೋಟ ತಳ್ಳಿದ. "ಮೂರು ಬೇರೆ ಬೇರೆ ತೋಟದ್ದು. ಯಾವುದು ಕೊಳ್ಳೋಣ, ಹೇಳಿ." ಸರಕು ಮಾರಲು ಬಂದು ಪಕ್ಕದಲ್ಲೇ ನಿಂತಿದ್ದ ವೈನ್ ವ್ಯಾಪಾರಿ ಕೆಮ್ಮಿದ.

ಭಾವ ಒಂದೊಂದನ್ನೇ ಬಾಯಲ್ಲಿ ಹೊರಳಿಸಿ ಬಕೆಟ್ಟಿಗೆ ಉಗುಳಿದ. ಮೊದಲನೆಯದನ್ನು ಮತ್ತೊಮ್ಮೆ ನೋಡಿದ. "ಮೂರೂ ಒಂದೇ ಬಾಟ್ಲಿದು."

ಯಜಮಾನ ತೊಡೆ ತಟ್ಟಿ ನಕ್ಕ. "ನೋಡಿದ್ರಾ ಸಾಹುಕಾರ್ರೇ! ಸುಮ್ನೆ ಪರೀಕ್ಷೆ ಮಾಡ್ದೆ. ಇಳಿಸಿ ಐವತ್ತು ಪೆಟ್ಟಿಗೆ, ಭಾವನೇ ಜೋಡಿಸ್ತಾರೆ."

"ವೈನ್ ಒಳ್ಳೇದಿದೆ, ತಗೋ," ಎಂದ ಭಾವ, ತುಟಿ ಒರೆಸಿಕೊಳ್ಳುತ್ತಾ. "ಆದ್ರೆ ಇಷ್ಟು ವರ್ಷ ಆದ್ಮೇಲೆ ನನ್ನನ್ನೇ ರುಚಿ ನೋಡಿ ಉಗುಳಿದ್ಯಲ್ಲೋ."

ಅವನು ಒಂದೊಂದೇ ಮೆಟ್ಟಿಲು ಹತ್ತಿ ಹೋದ. ಕೈ ತೊಳೆಯಲು ಹೋದನೆಂದುಕೊಂಡ ಯಜಮಾನ ಕೆಳಗಿನಿಂದ, "ಬೇಗ ಬನ್ನಿ ಭಾವ, ಪೆಟ್ಟಿಗೆ ಬಂತು!" ಎಂದು ಕೂಗಿದ. ಭಾವ ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.