ನೀರು ಕುಡಿದ ಇಂಜಿನ್

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಇಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಆಪರೇಟರ್ ಎದ್ದು ಪಕ್ಕದ ಇಂಜಿನ್ ಶುರು ಮಾಡಿದ. ಅದೂ ಅರೆಗಳಿಗೆ ಗುರುಗುಟ್ಟಿ ಸುಮ್ಮನಾಯಿತು. ಕರೆಂಟಿನ ಕಂಬವೇ ಹತ್ತದ ಆ ಗುಡ್ಡದಲ್ಲಿ ಗಣಿ ನಡೆಯುತ್ತಿದ್ದದ್ದು ಈ ಎರಡು ಡೀಸೆಲ್ ಇಂಜಿನ್‌ಗಳಿಂದ. ಈಗ ಕೆಳಕ್ಕೆ ಗಾಳಿ ನೂಕುವ ಫ್ಯಾನೂ ಇಲ್ಲ, ಆಳುಗಳನ್ನು ಮೇಲೆ ತರುವ ಲಿಫ್ಟೂ ಇಲ್ಲ.

ಫಿಲ್ಟರ್ ಬಿಚ್ಚಿ ಗಾಜಿನ ಲೋಟ ಹಿಡಿದ. ಮೇಲೆ ತೆಳ್ಳಗೆ ಎಣ್ಣೆ, ಕೆಳಗೆಲ್ಲ ನೀರು. ಬೆಳಿಗ್ಗೆ ಡೀಸೆಲ್ ಟ್ಯಾಂಕರ್ ತಂದವನು ಅವನ ಅಕ್ಕನ ಗಂಡ. ಬೇರೆ ಯಾರೇ ಆಗಿದ್ದರೂ ಇಳಿಸಿಕೊಳ್ಳುವ ಮುನ್ನ ತಳದ ನಲ್ಲಿ ತಿರುಗಿಸಿ ನೋಡುತ್ತಿದ್ದ. ಮನೆಯವರನ್ನೇ ಅನುಮಾನಿಸುವುದು ಹೇಗೆ ಅಂತ ಬಿಟ್ಟಿದ್ದ.

ಭಾವ ಟ್ಯಾಂಕರಿನ ನೆರಳಲ್ಲಿ ಮಲಗಿದ್ದ. ಮುಖದೆದುರು ಲೋಟ ಹಿಡಿದ ಮೇಲೆ ಎದ್ದು ಕೂತ.

"ದಾರೀಲಿ ಒಂಚೂರು ಮಾರಿದ್ದೆ ಕಣೋ. ಅಳತೆ ಸರಿಹೋಗ್ಲಿ ಅಂತ ನೀರು ಬಿಟ್ಟೆ. ಎಲ್ಲರೂ ಮಾಡ್ತಾರೆ."

"ಕೆಳಗೆ ಜನ ಇದಾರೆ, ಭಾವ."

"ನಿಮ್ಮಕ್ಕನ ಮುಖ ನೋಡಿ ಸುಮ್ನಿರು. ನಿನ್ನ ದಮ್ಮಯ್ಯ."

ಆಪರೇಟರ್ ಇಂಜಿನ್ ಮನೆಗೆ ವಾಪಸ್ ಓಡಿದ. ಡೀಸೆಲ್ ತುಂಬಿಡುವ ತೊಟ್ಟಿಯ ತಳದ ನಲ್ಲಿ ತೆರೆದು, ನೀರು ಹೋಗಿ ಎಣ್ಣೆ ಬರುವವರೆಗೆ ಕಾದ. ಪೈಪುಗಳನ್ನೆಲ್ಲ ಬಿಚ್ಚಿ, ತೊಳೆದು ಮತ್ತೆ ಕೂರಿಸಿದ. ಅಷ್ಟರಲ್ಲಿ ಆಳುಗಳು ಏಣಿ ಹತ್ತಿ, ಏದುಸಿರು ಬಿಡುತ್ತ ಒಬ್ಬೊಬ್ಬರೇ ಗಣಿಯ ಬಾಯಿಗೆ ಬಂದು ಬೀಳತೊಡಗಿದರು.

ಬಾರದೆ ಉಳಿದವನು ಇಡೀ ಕ್ಯಾಂಪು ಚಿಕ್ಕಪ್ಪ ಅಂತ ಕರೆಯುತ್ತಿದ್ದ, ಸುರಂಗಕ್ಕೆ ಮರದ ಆಸರೆ ಕೂರಿಸುವ ಹಳೇ ಬಡಗಿ. "ನನ್ನ ಮಂಡಿ ಏಣಿಗೆ ಬಗ್ಗಲ್ಲ. ನಾನು ಮಧ್ಯೆ ಸಿಕ್ಕಿಕೊಂಡ್ರೆ ಹಿಂದಿನವರಿಗೂ ದಾರಿ ಇಲ್ಲ. ನೀವು ನಡೀರಿ," ಅಂದು ಎಲ್ಲರನ್ನೂ ಹತ್ತಿಸಿದ್ದ. ಇಂಜಿನ್ ಶುರುವಾಗಿ, ಫ್ಯಾನ್ ತಿರುಗಿ, ಲಿಫ್ಟ್ ಇಳಿದಾಗ ಆತ ಗೋಡೆಗೆ ಒರಗಿ ಕೂತಿದ್ದ. ಉಸಿರಿರಲಿಲ್ಲ.

ಮ್ಯಾನೇಜರ್ ಇಂಜಿನ್ ಮನೆಗೆ ಬಂದು ಲೋಟ ಎತ್ತಿ ಬೆಳಕಿಗೆ ಹಿಡಿದ. "ನೀರು ಎಲ್ಲಿಂದ ಬಂತು?"

ಆಪರೇಟರ್ ಬಾಗಿಲಾಚೆ ನೋಡಿದ. ಕಲ್ಲುದಾರಿಯಲ್ಲಿ ನಾಲ್ವರು ಸ್ಟ್ರೆಚರ್ ಹೊತ್ತು ಬರುತ್ತಿದ್ದರು. ಮುಂದಿನ ಮೂಲೆಗೆ ಹೆಗಲು ಕೊಟ್ಟವನು ಭಾವ. ಯಾರೂ ಕರೆದಿರಲಿಲ್ಲ, ತಾನೇ ಹೋಗಿ ಹೊತ್ತಿದ್ದ.

"ಹೇಳ್ತೀನಿ ಸಾರ್," ಅಂದ ಆಪರೇಟರ್. "ಮೊದಲು ಅವ್ರು ಚಿಕ್ಕಪ್ಪನ್ನ ಹೆಗಲಿಂದ ಕೆಳಗಿಳಿಸಲಿ."